ಬೆನೆಗಲ್ ನರಸಿಂಗ ರಾವ್: ಮಂಗಳೂರಿನಿಂದ ಹೇಗ್ ನ್ಯಾಯಾಲಯದವರೆಗೆ

ಕಳೆದ ಸೆಮಿಸ್ಟರಿನ ಕೊನೆಯ ವಾರ ಗಟ್ಟು ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ ನಮ್ಮ ವಿಭಾಗದ ಕೊಠಡಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದ. ಕೈಯಲ್ಲಿ ಒಂದು ಅರ್ಜಿ ಇತ್ತು. ಐಚ್ಛಿಕ ಕನ್ನಡವನ್ನು ಬಿಟ್ಟು ಬೇರೆ ವಿಷಯಕ್ಕೆ ಬದಲಾಯಿಸಿಕೊಳ್ಳಲು ಅನುಮತಿ ಕೋರುವ ಅರ್ಜಿ ಅದು. ಪದವಿ ಮುಗಿದ ಮೇಲೆ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಮಾಡಬೇಕೆಂಬುದು ಅವನ ಆಸೆ. ಕನ್ನಡ ಓದಿದವರಿಗೆ ಆ ಬಾಗಿಲು ತೆರೆಯುವುದಿಲ್ಲವೆಂದು ಯಾರೋ ಹೇಳಿದ್ದರಂತೆ. ಅವನ ಮನೆಯ ಮಾತು ಕನ್ನಡ, ಸಂತೆಯ ಮಾತು ತೆಲುಗು, ಮಂಡಲ ಕಚೇರಿಯ ಕಾಗದಪತ್ರಗಳೂ ತೆಲುಗಿನಲ್ಲಿ. ಗಡಿಯಾಚೆಗೆ ರಾಯಚೂರು, ಈಚೆಗೆ ಗದ್ವಾಲ. ಇಂಥ ಊರಿನ ಹುಡುಗನಿಗೆ ದೇಶದೇಶಗಳ ನಡುವಿನ ವ್ಯವಹಾರ ದೂರದ ಮಾತೆಂದು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಅರ್ಜಿಗೆ ಸಹಿ ಹಾಕಲಿಲ್ಲ, ತಿರಸ್ಕರಿಸಲೂ ಇಲ್ಲ. ಮೇಜಿನ ಖಾನೆಯಲ್ಲಿಟ್ಟುಕೊಂಡೆ. ಅವನಿಗೆ ಕೊಡಬೇಕಾದ ಉತ್ತರವನ್ನು ಒಬ್ಬ ದೊಡ್ಡ ಮನುಷ್ಯರ ಬದುಕಿನ ಮೂಲಕ ಈ ವಾರ್ತಾಪತ್ರದಲ್ಲಿ ಕೊಡುತ್ತಿದ್ದೇನೆ.

ಅಂತರರಾಷ್ಟ್ರೀಯ ಸಂಬಂಧಗಳು ಎಂಬ ವಿಷಯ ವಿಶ್ವವಿದ್ಯಾಲಯಗಳಿಗೆ ಬಂದದ್ದು ಈಚೆಗೆ. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ವೇಲ್ಸ್ ಪ್ರಾಂತದ ಅಬೆರಿಸ್ಟ್‌ವಿತ್‌ನಲ್ಲಿ ಈ ವಿಷಯಕ್ಕೆಂದೇ ಮೊದಲ ಪೀಠ ಸ್ಥಾಪನೆಯಾಯಿತು. ನಮ್ಮ ದೇಶದಲ್ಲಿ 1955ರಲ್ಲಿ ದೆಹಲಿಯ ಸಪ್ರು ಹೌಸ್‌ನಲ್ಲಿ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯೊಂದು ಆರಂಭವಾಗಿ, ಮುಂದೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಭಾಗವಾಯಿತು. ನಾನು ಹೇಳಹೊರಟಿರುವ ಬೆನೆಗಲ್ ನರಸಿಂಗ ರಾವ್ ಅವರು ಆ ಶಾಲೆ ತೆರೆಯುವುದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಈ ವಿಷಯವನ್ನು ಅವರು ಯಾವ ತರಗತಿಯಲ್ಲೂ ಓದಿದವರಲ್ಲ. ಆದರೂ ಈ ವಿಷಯದ ಪಠ್ಯಪುಸ್ತಕಗಳಲ್ಲಿ ಬರುವ ಹಲವು ಘಟನೆಗಳ ನಡುವೆ ಅವರು ಸ್ವತಃ ಕುಳಿತಿದ್ದರು.

ರಾವ್ ಅವರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಅಂದಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಚಿತ್ರಾಪುರ ಸಾರಸ್ವತ ಮನೆತನವೊಂದರಲ್ಲಿ. ತಂದೆ ಬೆನೆಗಲ್ ರಾಘವೇಂದ್ರ ರಾವ್ ವೈದ್ಯರು. ಆ ಸಮುದಾಯದವರ ಮನೆಯ ಮಾತು ಕೊಂಕಣಿ, ಊರಿನ ಮಾತು ತುಳು, ಶಾಲೆಯ ಮತ್ತು ಬರವಣಿಗೆಯ ಮಾತು ಕನ್ನಡ, ಮೇಲಿನ ವಿದ್ಯೆಗೆ ಇಂಗ್ಲಿಷ್ ಮತ್ತು ಸಂಸ್ಕೃತ. ಸಹೋದರರೂ ಹೆಸರಾಂತರೇ. ಬೆನೆಗಲ್ ರಾಮ ರಾವ್ ಅವರು 1949ರಿಂದ 1957ರವರೆಗೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಬಿ. ಶಿವ ರಾವ್ ಅವರು ಪತ್ರಕರ್ತರಾಗಿ, ಸಂವಿಧಾನ ಸಭೆಯ ಸದಸ್ಯರಾಗಿ ಪ್ರಸಿದ್ಧರಾದರು.

ನರಸಿಂಗ ರಾವ್ ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಇಡೀ ಮದ್ರಾಸ್ ಪ್ರಾಂತ್ಯಕ್ಕೇ ಮೊದಲಿಗರಾಗಿ ತೇರ್ಗಡೆಯಾದರು. ಮದ್ರಾಸಿನಲ್ಲಿ 1905ರಲ್ಲಿ ಪದವಿ ಪಡೆದಾಗ ಇಂಗ್ಲಿಷ್, ಭೌತವಿಜ್ಞಾನ, ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ. ಮರುವರ್ಷ ಗಣಿತದಲ್ಲಿ ಇನ್ನೊಂದು. ಈ ಜೋಡಣೆಯನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಭಾಷೆ ಓದಿದವನಿಗೆ ಲೆಕ್ಕ ಬಾರದು, ಲೆಕ್ಕದವನಿಗೆ ಭಾಷೆ ಬೇಡ ಎಂದು ನಾವು ಈಗ ಹಾಕಿಕೊಂಡಿರುವ ಗೋಡೆ ಅವರ ಕಾಲದಲ್ಲಿ ಇಷ್ಟು ಎತ್ತರವಿರಲಿಲ್ಲ. ಒಂದು ವಾಕ್ಯದಲ್ಲಿ ಒಂದು ಪದವೂ ಹೆಚ್ಚಾಗದಂತೆ, ಒಂದು ಅರ್ಥವೂ ಸೋರಿಹೋಗದಂತೆ ಬರೆಯುವ ಶಕ್ತಿಯನ್ನು ಅವರ ಮುಂದಿನ ಬದುಕೆಲ್ಲ ಬೇಡಿತು. ಸಂಸ್ಕೃತದ ಅನ್ವಯ, ಗಣಿತದ ನಿಖರತೆ ಎರಡೂ ಅಲ್ಲಿ ಅವರಿಗೆ ನೆರವಾಗಿರಬೇಕೆಂದು ನನಗೆ ತೋರುತ್ತದೆ.

ವಿದ್ಯಾರ್ಥಿವೇತನ ಪಡೆದು ಅವರು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಹೋದರು. ಅದೇ ವರ್ಷಗಳಲ್ಲಿ ಜವಾಹರಲಾಲ್ ನೆಹರೂ ಕೂಡ ಅಲ್ಲಿ ವಿದ್ಯಾರ್ಥಿ. ರಾವ್ 1909ರಲ್ಲಿ ಅಲ್ಲಿನ ಪರೀಕ್ಷೆ ಮುಗಿಸಿ ಇಂಡಿಯನ್ ಸಿವಿಲ್ ಸರ್ವಿಸ್‌ಗೂ ಆಯ್ಕೆಯಾದರು. ಬಂಧುಬಳಗ ಹೆಚ್ಚಾಗಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ತಮಗೆ ಹುದ್ದೆ ಬೇಡವೆಂದು ಕೇಳಿಕೊಂಡದ್ದು ಅವರ ಸ್ವಭಾವಕ್ಕೆ ಮೊದಲ ಸಾಕ್ಷಿ. ನಂಟಿನ ಮುಲಾಜು ನ್ಯಾಯದ ಕೈ ಹಿಡಿಯಬಾರದೆಂಬ ಎಚ್ಚರ ಅದು. ಹೀಗೆ ಕರಾವಳಿಯ ಯುವಕ ಬಂಗಾಳಕ್ಕೆ ಹೋದರು. ಮುಂದೆ ಅಸ್ಸಾಮಿನಲ್ಲಿ ಕಾನೂನು ಇಲಾಖೆಯ ಮತ್ತು ಶಾಸನ ಪರಿಷತ್ತಿನ ಕೆಲಸ. ಮಸೂದೆ ಬರೆಯುವ ವಿದ್ಯೆ ಅಲ್ಲಿ ಅವರಿಗೆ ಕರಗತವಾಯಿತು. 1935ರ ಭಾರತ ಸರ್ಕಾರ ಕಾಯಿದೆ ಬಂದಾಗ, ಹಳೆಯ ಕಾನೂನುಗಳನ್ನೆಲ್ಲ ಹೊಸ ವ್ಯವಸ್ಥೆಗೆ ಹೊಂದಿಸುವ ದೊಡ್ಡ ಕೆಲಸವನ್ನು ಅವರಿಗೆ ವಹಿಸಲಾಯಿತು. 1938ರಲ್ಲಿ ಸರ್ ಪದವಿ ಬಂತು. ಆಮೇಲೆ ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರಾದರು. 1941ರಲ್ಲಿ ನೇಮಕವಾದ ಹಿಂದೂ ಕಾನೂನು ಸಮಿತಿಗೆ ಅವರೇ ಅಧ್ಯಕ್ಷರು. ಹೆಣ್ಣುಮಕ್ಕಳ ಆಸ್ತಿ ಹಕ್ಕು, ವಿವಾಹ ಮೊದಲಾದವುಗಳ ಬಗ್ಗೆ ಆ ಸಮಿತಿ ಆರಂಭಿಸಿದ ಕೆಲಸ 1955–56ರ ಹಿಂದೂ ಕಾಯಿದೆಗಳಲ್ಲಿ ಫಲ ಕೊಟ್ಟಿತು.

ಇಲ್ಲಿಂದ ಮುಂದಿನ ಸಂಗತಿ ನಮ್ಮ ನಡಿಗಡ್ಡೆಯ ವಿದ್ಯಾರ್ಥಿಗಳಿಗೆ ಹತ್ತಿರದ್ದು. ಸಿಂಧೂ ನದಿಯ ನೀರಿನ ಬಗ್ಗೆ ಸಿಂಧ್ ಪ್ರಾಂತ್ಯ ಪಂಜಾಬಿನ ಮೇಲೆ ದೂರು ಕೊಟ್ಟಿತು. ಪಂಜಾಬು ಭಾಕ್ರಾದಲ್ಲಿ ಅಣೆಕಟ್ಟು ಕಟ್ಟಿದರೆ ಕೆಳಗಿನ ತಮ್ಮ ಕಾಲುವೆಗಳಿಗೆ ನೀರು ಸಾಲದೆಂಬುದು ಸಿಂಧ್‌ನವರ ಆತಂಕ. ವಿಚಾರಣೆಗೆ ನೇಮಕವಾದ ಆಯೋಗಕ್ಕೆ ರಾವ್ ಅಧ್ಯಕ್ಷರು. ವರದಿ 1942ರಲ್ಲಿ ಬಂತು.

ಅವರ ಮುಂದೆ ಎರಡು ಹಳೆಯ ವಾದಗಳಿದ್ದವು. ನದಿ ತನ್ನ ನೆಲದಲ್ಲಿ ಹರಿಯುವಷ್ಟು ಕಾಲ ತಾನೇ ಒಡೆಯ, ಕೆಳಗಿನವರ ಕಷ್ಟ ತನ್ನದಲ್ಲ ಎಂಬುದು ಮೇಲ್ದಂಡೆಯವರ ವಾದ. 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ ಅವರು ಮೆಕ್ಸಿಕೋ ದೇಶದ ದೂರಿಗೆ ಎದುರಾಗಿ ಇದನ್ನೇ ಹೇಳಿದ್ದರಿಂದ ಈ ವಾದಕ್ಕೆ ಅವರ ಹೆಸರು ಅಂಟಿಕೊಂಡಿದೆ. ನದಿ ಮೊದಲಿನಿಂದ ಹರಿದುಬಂದಂತೆಯೇ, ಒಂದು ಹನಿಯೂ ಕಡಿಮೆಯಾಗದೆ ತನ್ನ ತನಕ ಬರಬೇಕು ಎಂಬುದು ಕೆಳದಂಡೆಯವರ ವಾದ. ರಾವ್ ಆಯೋಗ ಎರಡನ್ನೂ ಒಪ್ಪಲಿಲ್ಲ. ಮೊದಲನೆಯದನ್ನು ಒಪ್ಪಿದರೆ ಕೆಳಗಿನವರು ಬಾಯಾರುತ್ತಾರೆ, ಎರಡನೆಯದನ್ನು ಒಪ್ಪಿದರೆ ಮೇಲಿನವರು ಎಂದೂ ನೀರಾವರಿ ಮಾಡಿಕೊಳ್ಳುವಂತಿಲ್ಲ. ಪಕ್ಷಗಳು ತಾವೇ ಕೂತು ಒಪ್ಪಂದಕ್ಕೆ ಬರುವುದು ಎಲ್ಲಕ್ಕಿಂತ ಮೇಲು. ಅದು ಆಗದಿದ್ದರೆ, ನದಿಯನ್ನು ಇಡಿಯಾಗಿ ನೋಡಿ ಪ್ರತಿಯೊಬ್ಬರಿಗೂ ನ್ಯಾಯವಾದ ಪಾಲು ಸಿಗುವಂತೆ ಹಂಚಬೇಕು. ಇದು ಆಯೋಗದ ನಿಲುವಿನ ತಿರುಳು.

ಎರಡು ಪ್ರಾಂತ್ಯಗಳಿಗೂ ಆ ವರದಿ ಸಮಾಧಾನ ತರಲಿಲ್ಲ. ಮಾತುಕತೆ ಮುಂದುವರಿಯುತ್ತಿದ್ದಂತೆಯೇ ದೇಶ ವಿಭಜನೆಯಾಯಿತು. ಪ್ರಾಂತ್ಯಗಳ ಜಗಳ ಒಂದೇ ರಾತ್ರಿಯಲ್ಲಿ ಎರಡು ರಾಷ್ಟ್ರಗಳ ಜಗಳವಾಯಿತು. ಸಿಂಧೂ ಒಪ್ಪಂದಕ್ಕೆ ಸಹಿ ಬಿದ್ದದ್ದು 1960ರಲ್ಲಿ. ರಾವ್ ಅವರ ಪ್ರಯತ್ನ ಅವರ ಕಣ್ಣೆದುರಿಗೆ ಫಲಿಸಲಿಲ್ಲ. ಆದರೆ ನ್ಯಾಯವಾದ ಹಂಚಿಕೆಯ ತತ್ತ್ವ ಭಾರತದ ನದೀ ವಿವಾದಗಳಲ್ಲಿ ಉಳಿದುಬಂತು.

ಗಟ್ಟು, ಗದ್ವಾಲ, ಐಜ, ಆಲಂಪುರದ ಮಕ್ಕಳು ಇದನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ ಇರುವ ನೆಲ ನಿಮ್ಮದು. ರಾಯಚೂರು ಜಿಲ್ಲೆಯ ರಾಜೋಳಿಬಂಡೆಯಲ್ಲಿ ತುಂಗಭದ್ರೆಗೆ ಕಟ್ಟಿದ ಆಣೆಯಿಂದ ಹೊರಡುವ ಕಾಲುವೆ ಮೊದಲು ಕರ್ನಾಟಕದಲ್ಲಿ ಹರಿದು, ಆಮೇಲೆ ನಿಮ್ಮ ಜಿಲ್ಲೆಗೆ ಬರುತ್ತದೆ. ಅದನ್ನು ಯೋಜಿಸಿದಾಗ ಎರಡೂ ಕಡೆ ಒಂದೇ ಹೈದರಾಬಾದ್ ರಾಜ್ಯ. 1956ರಲ್ಲಿ ಗಡಿ ಎಳೆದ ಮೇಲೆ ಕಾಲುವೆಯ ತಲೆ ಒಂದು ರಾಜ್ಯಕ್ಕೆ, ಗದ್ದೆಗಳ ಬಹುಪಾಲು ಇನ್ನೊಂದು ರಾಜ್ಯಕ್ಕೆ ಹೋಯಿತು. ಕೃಷ್ಣಾ ನ್ಯಾಯಾಧಿಕರಣ ಈ ಯೋಜನೆಗೆ ಕೊಟ್ಟ 17.1 ಟಿಎಂಸಿ ನೀರಿನಲ್ಲಿ 1.2 ಕರ್ನಾಟಕಕ್ಕೆ, 15.9 ಅಂದಿನ ಆಂಧ್ರಪ್ರದೇಶಕ್ಕೆ. ಕಾಲುವೆಯ ಕೊನೆಗೆ ಅಷ್ಟು ನೀರು ಮುಟ್ಟುತ್ತದೆಯೇ ಎಂಬುದು ಪ್ರತಿ ಬೇಸಿಗೆಯ ಪ್ರಶ್ನೆ. ಮೇಲ್ದಂಡೆ, ಕೆಳದಂಡೆ, ಒಪ್ಪಂದ, ಒಪ್ಪಂದದ ಪಾಲನೆ ಎಂಬ ನಾಲ್ಕು ಪದಗಳನ್ನು ಹೊಟ್ಟೆಪಾಡಿನ ಮೂಲಕ ಅರಿತವನಿಗೆ ಅಂತರರಾಷ್ಟ್ರೀಯ ರಾಜಕಾರಣ ಹೊಸ ವಿಷಯವೇನೂ ಅಲ್ಲ.

ಕಥೆಗೆ ಮರಳೋಣ. 1944ರಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತರಾದ ರಾವ್ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾದರು. ಮಹಾರಾಜರೊಂದಿಗೆ ಅಭಿಪ್ರಾಯ ಹೊಂದದೆ ಮರುವರ್ಷವೇ ಆ ಸ್ಥಾನವನ್ನು ಬಿಟ್ಟರು. 1946ರ ಜುಲೈಯಲ್ಲಿ ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿ ನೇಮಕಗೊಂಡರು. ಸಂಬಳವಿಲ್ಲದೆ, ಗೌರವ ಸೇವೆಯಾಗಿ ಅವರು ಆ ಕೆಲಸ ಮಾಡಿದರು. ಜಗತ್ತಿನ ಬೇರೆ ಬೇರೆ ಸಂವಿಧಾನಗಳಿಂದ ಆಯ್ದ ಪಾಠಗಳನ್ನು ಸದಸ್ಯರ ಕೈಗೆ ಕೊಟ್ಟರು. 1947ರ ಅಕ್ಟೋಬರಿನಲ್ಲಿ ಸುಮಾರು 240 ವಿಧಿಗಳ ಮೊದಲ ಕರಡನ್ನು ಸಿದ್ಧಪಡಿಸಿದರು. ಡಾ. ಅಂಬೇಡ್ಕರ್ ಅವರ ನೇತೃತ್ವದ ಕರಡು ಸಮಿತಿ ಅದನ್ನು ಮುಂದಿಟ್ಟುಕೊಂಡು ಚರ್ಚಿಸಿ, ತಿದ್ದಿ, ಬೆಳೆಸಿ ಸಂವಿಧಾನವನ್ನು ರೂಪಿಸಿತು. ಇಬ್ಬರಲ್ಲಿ ಒಬ್ಬರನ್ನು ಎತ್ತಿ ಇನ್ನೊಬ್ಬರನ್ನು ಇಳಿಸುವ ವಾದ ಈಚೆಗೆ ಕೇಳಿಬರುತ್ತದೆ. ಅದು ಇಬ್ಬರಿಗೂ ಅನ್ಯಾಯ. ಸಭೆಯ ಮುಂದೆ ನಿಂತು ಪ್ರತಿಯೊಂದು ವಿಧಿಯನ್ನೂ ಸಮರ್ಥಿಸಿ ಗೆಲ್ಲಿಸಿದ ಹೊಣೆ ಅಂಬೇಡ್ಕರ್ ಅವರದು. ಅವರೇ 1949ರ ನವೆಂಬರಿನ ತಮ್ಮ ಕೊನೆಯ ಭಾಷಣದಲ್ಲಿ ರಾವ್ ಅವರಿಗೆ ಸಲ್ಲಬೇಕಾದ ಶ್ರೇಯಸ್ಸನ್ನು ಸಲ್ಲಿಸಿದ್ದಾರೆ.

ಕರಡು ಮುಗಿದೊಡನೆ ರಾವ್ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ನುಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರನ್ನೂ ರಾಜಕಾರಣಿಗಳನ್ನೂ ಕಂಡರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರೊಡನೆ ನಡೆದ ಮಾತುಕತೆ ನಮ್ಮ ಸಂವಿಧಾನದ 21ನೆಯ ವಿಧಿಯ ಪದಗಳ ಮೇಲೆ ಪ್ರಭಾವ ಬೀರಿತು. ಅಮೆರಿಕದ ಸಂವಿಧಾನದ ಪದಗುಚ್ಛವನ್ನು ಬಿಟ್ಟು, ಕಾನೂನು ಸ್ಥಾಪಿಸಿದ ಕಾರ್ಯವಿಧಾನ ಎಂಬ ಅರ್ಥದ ಪದಗಳು ಬಂದವು. ಆ ಆಯ್ಕೆ ಸರಿಯೇ ಎಂಬ ಚರ್ಚೆ ಮುಂದೆ ದಶಕಗಳ ಕಾಲ ನಡೆಯಿತು. ಎರಡು ಮೂರು ಪದಗಳ ವ್ಯತ್ಯಾಸಕ್ಕೆ ಮನುಷ್ಯನ ಸ್ವಾತಂತ್ರ್ಯವೇ ತೂಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಇದೇ ಅವಧಿಯಲ್ಲಿ, 1947ರಲ್ಲಿ, ನೆರೆಯ ಬರ್ಮಾ ದೇಶದ ಸಂವಿಧಾನದ ಕರಡಿಗೂ ಅವರು ನೆರವಾದರು.

ಆ ಹೊತ್ತಿಗೆ ನಮ್ಮ ಈ ಭಾಗವೇ ಅಂತರರಾಷ್ಟ್ರೀಯ ವಿಷಯವಾಗಿತ್ತೆಂಬುದನ್ನು ನಾವು ಮರೆತಿದ್ದೇವೆ. ಗಟ್ಟು, ಗದ್ವಾಲ, ಮಕ್ತಲ್, ನಾರಾಯಣಪೇಟೆ, ರಾಯಚೂರು ಎಲ್ಲವೂ ನಿಜಾಮರ ಆಳ್ವಿಕೆಗೆ ಸೇರಿದ್ದವು. 1948ರ ಆಗಸ್ಟ್ 21ರಂದು ಹೈದರಾಬಾದ್ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಭಾರತದ ಮೇಲೆ ದೂರು ಸಲ್ಲಿಸಿತು. ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ಮಂಡಳಿ ಅದನ್ನು ಕೈಗೆತ್ತಿಕೊಂಡಾಗ ಭಾರತದ ಪರವಾಗಿ ಮಾತಾಡಿದವರು ಅಂದಿನ ಮೈಸೂರಿನ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮರುದಿನವೇ ಪೊಲೀಸ್ ಕಾರ್ಯಾಚರಣೆ ಮುಗಿದು, ಕೆಲವೇ ದಿನಗಳಲ್ಲಿ ನಿಜಾಮರು ದೂರನ್ನು ಹಿಂತೆಗೆದುಕೊಂಡರು. ನಿಮ್ಮ ಅಜ್ಜಂದಿರು ಹೊಲದಲ್ಲಿ ಸಜ್ಜೆ ಕಾಯುತ್ತಿದ್ದಾಗ ಅವರ ಊರು ಯಾವ ದೇಶಕ್ಕೆ ಸೇರಬೇಕೆಂಬ ಮಾತು ಪ್ಯಾರಿಸ್ಸಿನಲ್ಲಿ ನಡೆಯುತ್ತಿತ್ತು.

ರಾವ್ ಅವರೂ ಆ ವೇಳೆಗೆ ವಿಶ್ವಸಂಸ್ಥೆಯ ಕಡೆ ತಿರುಗಿದ್ದರು. 1949ರಲ್ಲಿ ಕೆಲಸ ಆರಂಭಿಸಿದ ಅಂತರರಾಷ್ಟ್ರೀಯ ಕಾನೂನು ಆಯೋಗದಲ್ಲಿ ಅವರು ಸದಸ್ಯರು. 1950–51ರಲ್ಲಿ ಭಾರತ ಮೊದಲ ಸಲ ಭದ್ರತಾ ಮಂಡಳಿಯ ಸದಸ್ಯತ್ವ ಪಡೆದಾಗ ದೇಶದ ಪ್ರತಿನಿಧಿ ಅವರೇ. ಸರದಿಯಂತೆ 1950ರ ಜೂನ್ ತಿಂಗಳ ಅಧ್ಯಕ್ಷತೆ ಅವರ ಪಾಲಿಗೆ ಬಂತು.

ಜೂನ್ 25, ಭಾನುವಾರ. ಉತ್ತರ ಕೊರಿಯಾದ ಸೇನೆ 38ನೆಯ ಅಕ್ಷಾಂಶವನ್ನು ದಾಟಿ ದಕ್ಷಿಣಕ್ಕೆ ನುಗ್ಗಿತು. ಅದೇ ದಿನ ಮಂಡಳಿಯ ತುರ್ತು ಸಭೆ ಸೇರಿತು. ಚೀನಾದ ಸ್ಥಾನ ಯಾರಿಗೆ ಸಲ್ಲಬೇಕೆಂಬ ವಿವಾದದಿಂದಾಗಿ ಸೋವಿಯತ್ ಒಕ್ಕೂಟ ಜನವರಿಯಿಂದ ಸಭೆಗಳನ್ನು ಬಹಿಷ್ಕರಿಸಿತ್ತು. ಆ ದಿನದ ನಿರ್ಣಯ ಹೋರಾಟ ನಿಲ್ಲಿಸಬೇಕೆಂದು ಕೇಳಿತು. ಭಾರತ ಅದರ ಪರ ಮತ ಹಾಕಿತು. ಎರಡು ದಿನಗಳ ಬಳಿಕ ದಕ್ಷಿಣ ಕೊರಿಯಾಕ್ಕೆ ನೆರವು ಕೊಡಬೇಕೆಂಬ ಎರಡನೆಯ ನಿರ್ಣಯ ಬಂತು. ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಅಧ್ಯಕ್ಷ ಪೀಠದಲ್ಲಿದ್ದ ಮನುಷ್ಯ ತನ್ನ ದೇಶದ ಮತವನ್ನು ಹಾಕಲಾಗದೆ ಕುಳಿತಿರಬೇಕಾಯಿತು. ಭಾರತವೂ ಈಜಿಪ್ಟೂ ಮತದಾನದಲ್ಲಿ ಭಾಗವಹಿಸಲಿಲ್ಲ. ಭಾರತ ಸರ್ಕಾರ ಆ ನಿರ್ಣಯವನ್ನು ಒಪ್ಪಿಕೊಂಡದ್ದು ಜೂನ್ 29ರಂದು. ಜುಲೈ 7ರಂದು ಸಂಯುಕ್ತ ಸೇನಾ ನಾಯಕತ್ವವನ್ನು ಅಮೆರಿಕಕ್ಕೆ ಒಪ್ಪಿಸುವ ಮೂರನೆಯ ನಿರ್ಣಯ ಬಂದಾಗ ಭಾರತ ತಟಸ್ಥವಾಗಿ ಉಳಿಯಿತು. ಕಾದುವ ಸೈನಿಕರನ್ನು ಕಳಿಸದೆ ವೈದ್ಯಕೀಯ ತುಕಡಿಯೊಂದನ್ನು ಮಾತ್ರ ಕಳಿಸಿತು.

ವರ್ಷದ ಕೊನೆಗೆ ಚೀನಾದ ಸೈನ್ಯವೂ ಯುದ್ಧಕ್ಕಿಳಿದಿತ್ತು. ಡಿಸೆಂಬರ್ 14ರಂದು ವಿಶ್ವಸಂಸ್ಥೆಯ ಮಹಾಸಭೆ ಕದನವಿರಾಮದ ದಾರಿ ಹುಡುಕಲು ಮೂವರ ಗುಂಪೊಂದನ್ನು ರಚಿಸಿತು. ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್, ಭಾರತದ ರಾವ್. ಅವರು ಸಿದ್ಧಪಡಿಸಿದ ಸೂತ್ರಗಳನ್ನು ಚೀನಾ 1951ರ ಜನವರಿಯಲ್ಲಿ ತಿರಸ್ಕರಿಸಿತು. ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರಿ ಎಂದು ಸಾರುವ ನಿರ್ಣಯವನ್ನು ಮಹಾಸಭೆ 44 ಮತಗಳಿಂದ ಅಂಗೀಕರಿಸಿತು. ವಿರೋಧವಾಗಿ ಬಿದ್ದದ್ದು ಏಳೇ ಮತ. ಸೋವಿಯತ್ ಬಣದ ಐದನ್ನು ಬಿಟ್ಟರೆ ಉಳಿದೆರಡು ಭಾರತ ಮತ್ತು ಬರ್ಮಾ ದೇಶಗಳವು. ಮಾತುಕತೆಯ ಬಾಗಿಲನ್ನು ಮುಚ್ಚಬಾರದೆಂಬುದು ಭಾರತದ ನಿಲುವು. ಕದನವಿರಾಮ ಬಂದದ್ದು 1953ರ ಜುಲೈಯಲ್ಲಿ. ಅಷ್ಟರಲ್ಲಿ ಲಕ್ಷಾಂತರ ಜನ ಸತ್ತಿದ್ದರು.

ಇಲ್ಲಿ ಭಾಷೆಯ ಅಧ್ಯಾಪಕನಾಗಿ ಎರಡು ಮಾತು. ತಟಸ್ಥ ಎಂದರೆ ತಟದಲ್ಲಿ, ದಂಡೆಯ ಮೇಲೆ ನಿಂತವನು. ಹೊಳೆಯಲ್ಲಿ ಮುಳುಗುತ್ತಿರುವವರನ್ನು ನೋಡುತ್ತ ನಿಲ್ಲುವವನೂ ತಟಸ್ಥನೇ. ಅಲಿಪ್ತ ಎಂದರೆ ಮೈಗೆ ಅಂಟಿಸಿಕೊಳ್ಳದವನು. ಅವನು ಹೊಳೆಗೆ ಇಳಿಯಬಲ್ಲ. ಭಾರತ ಆ ದಿನಗಳಲ್ಲಿ ಹುಡುಕುತ್ತಿದ್ದದ್ದು ಎರಡನೆಯ ದಾರಿಯನ್ನು. ಮತದಾನದಿಂದ ದೂರ ಉಳಿದು, ಆದರೆ ಗಾಯಾಳುಗಳಿಗೆ ವೈದ್ಯರನ್ನು ಕಳಿಸಿ, ಎರಡೂ ಬಣಗಳ ನಡುವೆ ಓಡಾಡಿದ ರಾವ್ ಅವರ ಆರು ತಿಂಗಳನ್ನು ನೋಡಿದರೆ ಈ ಎರಡು ಪದಗಳ ಅಂತರ ತಾನಾಗಿ ತಿಳಿಯುತ್ತದೆ. ನಾನು ಮರಾಠಿ, ಕನ್ನಡ ಎರಡರಲ್ಲೂ ಶಾಲೆ ಓದಿದವನು. ಮರಾಠಿಯ ಇತಿಹಾಸ ಪಾಠದಲ್ಲಿ ಯುದ್ಧ ಮುಗಿದ ಮೇಲೆ ಆಗುತ್ತಿದ್ದದ್ದು ತಹ. ಕನ್ನಡದ ಪಾಠದಲ್ಲಿ ಅದೇ ಒಪ್ಪಂದ. ಮೊದಲನೆಯದನ್ನು ಓದಿದಾಗ ನನ್ನ ಕಣ್ಣಿಗೆ ಸೋತವರು ಗೆದ್ದವರು ಕಾಣುತ್ತಿದ್ದರು. ಎರಡನೆಯದರಲ್ಲಿ ಒಪ್ಪು ಎಂಬ ಪದ ಕೇಳುತ್ತಿತ್ತು. ಒಂದೇ ಘಟನೆಗೆ ಎರಡು ಮುಖಗಳಿರುವುದನ್ನು ಯಾವ ರಾಜ್ಯಶಾಸ್ತ್ರದ ಪುಸ್ತಕಕ್ಕಿಂತ ಮೊದಲು ನನಗೆ ಕಲಿಸಿದ್ದು ಎರಡು ಭಾಷೆಗಳ ಶಾಲೆ. ಹುಡುಗನಾಗಿದ್ದಾಗ ಆ ಶಾಲೆಯ ಬಗ್ಗೆ ನನಗೆ ನಾಚಿಕೆಯಿತ್ತು. ಎಲ್ಲಿಯೂ ಪೂರ್ತಿ ಸೇರದವನು ಎಂಬ ಕೀಳರಿಮೆ ಅದು. ಗಟ್ಟುವಿನ ವಿದ್ಯಾರ್ಥಿಯ ಮುಖದಲ್ಲಿ ನಾನು ಕಂಡದ್ದು ಅದನ್ನೇ.

1952ರಲ್ಲಿ ರಾವ್ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ವರ್ಷ ನ್ಯಾಯಾಲಯದ ಮುಂದೆ ಬಂದ ದೊಡ್ಡ ಮೊಕದ್ದಮೆ ಬ್ರಿಟನ್ ಮತ್ತು ಇರಾನ್ ನಡುವಿನ ತೈಲ ಕಂಪನಿಯ ವಿವಾದ. ಅದೇ ವಿವಾದ ಹಿಂದಿನ ವರ್ಷ ಭದ್ರತಾ ಮಂಡಳಿಗೆ ಬಂದಿದ್ದಾಗ ರಾವ್ ಅಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಆ ಕಾರಣಕ್ಕಾಗಿ ಅವರು ಮೊಕದ್ದಮೆಯ ವಿಚಾರಣೆಯಲ್ಲಿ ಕೂರಲಿಲ್ಲ. ನಂಟರಿರುವ ಪ್ರಾಂತ್ಯ ಬೇಡವೆಂದ ಇಪ್ಪತ್ತೆರಡರ ಯುವಕನೂ, ಹಿಂದೆ ಕೈಹಾಕಿದ ವಿಷಯದಲ್ಲಿ ತೀರ್ಪು ಕೊಡಲಾರೆನೆಂದ ಅರವತ್ತೈದರ ನ್ಯಾಯಾಧೀಶನೂ ಒಬ್ಬನೇ ಮನುಷ್ಯ. ಆ ಪೀಠದಲ್ಲಿ ಅವರು ಹೆಚ್ಚು ಕಾಲ ಇರಲಿಲ್ಲ. ಆರೋಗ್ಯ ಕೆಟ್ಟಿತು. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ತೀರಿಕೊಂಡರು. ಅವರ ಸಾಂವಿಧಾನಿಕ ಬರಹಗಳನ್ನು ತಮ್ಮ ಶಿವ ರಾವ್ ಸಂಪಾದಿಸಿ 1960ರಲ್ಲಿ ಪುಸ್ತಕವಾಗಿ ಹೊರತಂದರು.

ಲೆಕ್ಕ ಹಾಕಿದರೆ ರಾವ್ ಅವರ ಬದುಕಿನಲ್ಲಿ ಕೈಗೂಡದ ಕೆಲಸಗಳೇ ಹೆಚ್ಚೇನೋ. ಸಿಂಧೂ ವರದಿ ಎರಡೂ ಪಕ್ಷಗಳಿಗೆ ಸಮಾಧಾನ ತರಲಿಲ್ಲ. ಕಾಶ್ಮೀರದಲ್ಲಿ ನಿಲ್ಲಲಾಗಲಿಲ್ಲ. ಕೊರಿಯಾದ ಶಾಂತಿಸೂತ್ರ ಮುರಿದುಬಿತ್ತು. ಆದರೆ ಅವರು ಬರೆದ ಕರಡುಗಳ ಮೇಲೆ ಇತರರು ಕಟ್ಟಿದರು. ರಾಜತಂತ್ರದ ಕೆಲಸ ಇಂಥದೇ. ಗೆದ್ದಾಗ ಹೆಸರು ಬೇರೆಯವರದು, ಸೋತಾಗ ಕಾಗದ ಉಳಿಯುತ್ತದೆ. ಆ ಕಾಗದ ಸರಿಯಾಗಿದ್ದರೆ ಹತ್ತು ವರ್ಷಗಳ ನಂತರ ಯಾರಾದರೂ ಅದನ್ನು ತೆರೆಯುತ್ತಾರೆ.

ಈ ವಿಷಯವನ್ನು ಓದಬಯಸುವ ನಮ್ಮ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಕೆಲವು ವ್ಯಾವಹಾರಿಕ ಮಾತು. ಎಂ.ಎ. ಪ್ರವೇಶಕ್ಕೆ ಪದವಿಯಲ್ಲಿ ಯಾವ ವಿಷಯಗಳಿರಬೇಕೆಂಬುದನ್ನು ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲೇ ಓದಿ ತಿಳಿಯಿರಿ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಮಾತನ್ನು ನಂಬಬೇಡಿ. ಇಂಗ್ಲಿಷ್ ಓದುವ ಅಭ್ಯಾಸವನ್ನು ಈಗಲೇ ಬೆಳೆಸಿಕೊಳ್ಳಿ, ಅದರಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಒಂದು ಒಪ್ಪಂದದ ಪಠ್ಯವನ್ನು ಹಳಗನ್ನಡದ ಪದ್ಯದಂತೆಯೇ ಪದಪದವಾಗಿ ಬಿಡಿಸಿ ಓದಿ. ಆ ವಿದ್ಯೆಯನ್ನು ಈ ವಿಭಾಗ ನಿಮಗೆ ದಿನವೂ ಕಲಿಸುತ್ತಿದೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವೂ ಒಂದು ಐಚ್ಛಿಕ ವಿಷಯ. ವಿದೇಶಾಂಗ ಸೇವೆಗೆ ಹೋಗುವ ದಾರಿಯೂ ಅದೇ ಪರೀಕ್ಷೆಯ ಮೂಲಕ.

ವಿಷಯ ಬದಲಾವಣೆಗೆ ಈ ತಿಂಗಳ ಕೊನೆಯವರೆಗೆ ಅವಕಾಶವಿದೆ. ಆ ಅರ್ಜಿ ಇನ್ನೂ ನನ್ನ ಮೇಜಿನ ಖಾನೆಯಲ್ಲೇ ಇದೆ. ಇದನ್ನು ಓದಿದ ಮೇಲೂ ಅವನಿಗೆ ಬದಲಾಯಿಸಿಕೊಳ್ಳಬೇಕೆನಿಸಿದರೆ ಬಂದು ಕೇಳಲಿ, ಸಂತೋಷದಿಂದ ಸಹಿ ಹಾಕುತ್ತೇನೆ. ಬೇಡವೆನಿಸಿದರೂ ಒಮ್ಮೆ ಬರಲಿ. ರಾಜೋಳಿಬಂಡೆಯ ಕಾಲುವೆಯ ಬಗ್ಗೆ ಅವನ ಊರಿನ ಹಿರಿಯರು ಏನೆನ್ನುತ್ತಾರೆಂಬುದನ್ನು ಬರೆದು ತರಲಿ, ಕನ್ನಡದಲ್ಲಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಎರಡು ಪುಟ ಕಾಯ್ದಿರಿಸಿದ್ದೇನೆ.